ಸಾಂತ್ವನವೋ ಸೂಜಿಯೋ? ವಾಲ್ಟರ್ ಪಾಂಕಿಯ ಪ್ರಬಂಧದ ಒಂದು ವಾಕ್ಯ

ಸೈಕೆಡೆಲಿಕ್ ಔಷಧದಿಂದ ಆಧ್ಯಾತ್ಮಿಕ ಅನುಭೂತಿ ಉಂಟಾಗುತ್ತದೆಯೇ ಎಂದು ತಿಳಿಯಲು ವಾಲ್ಟರ್ ಪಾಂಕಿ 1962ರ ಏಪ್ರಿಲ್ 20ರಂದು ನಡೆಸಿದ ಗುಡ್ ಫ್ರೈಡೆ ಪ್ರಯೋಗದ ಚರಿತ್ರೆ ಬರೆದವರು ಹೆಚ್ಚಾಗಿ ಅದರ ಅಂಕಿಗಳನ್ನೇ ತಿರುವಿಹಾಕಿದ್ದಾರೆ. ಬಾಸ್ಟನ್ನಿನ ಮಾರ್ಷ್ ಚಾಪೆಲ್‌ನಲ್ಲಿ ದೇವಶಾಸ್ತ್ರದ ಹತ್ತು ವಿದ್ಯಾರ್ಥಿಗಳಿಗೆ 30 ಮಿಲಿಗ್ರಾಂ ಸಿಲೋಸೈಬಿನ್, ಹೋಲಿಕೆಗಾಗಿ ಇನ್ನು ಹತ್ತು ಮಂದಿಗೆ ನಿಕೋಟಿನಿಕ್ ಆಮ್ಲ. ಇಷ್ಟು ಎಲ್ಲರಿಗೂ ಗೊತ್ತು. ನನ್ನ ತಕರಾರು ಹಾರ್ವರ್ಡ್‌ಗೆ ಪಾಂಕಿ ಸಲ್ಲಿಸಿದ ಪಿಎಚ್.ಡಿ. ಪ್ರಬಂಧದ ಒಂದೇ ಒಂದು ವಾಕ್ಯದ ಬಗ್ಗೆ. ಔಷಧ ಪಡೆದವರಲ್ಲಿ ಇಬ್ಬರಿಗೆ ಲೌಕಿಕಕ್ಕೆ ಮರಳುವುದು ಕಷ್ಟವಾಯಿತು, ಅಮಲು ಇಳಿಯುವ ತನಕ ಮಾರ್ಗದರ್ಶಕರು ಧೈರ್ಯ ಹೇಳಬೇಕಾಯಿತು ಎಂಬ ಅರ್ಥದ ಮಾತು ಅಲ್ಲಿದೆ.

ಆದರೆ ಒಬ್ಬನ ಅಮಲು ತಾನಾಗಿ ಇಳಿಯಲಿಲ್ಲ. ಚಾಪೆಲ್ಲಿನಿಂದ ಹೊರಬಿದ್ದು ಬೀದಿಗಿಳಿದ ಅವನನ್ನು ಹಿಡಿದು ತಂದು, ಶಮನಕಾರಿ ಕ್ಲೋರ್‌ಪ್ರೊಮಜಿನ್ ಚುಚ್ಚಲಾಯಿತು. ಪ್ರಬಂಧ ಮುಚ್ಚಿಟ್ಟ ಈ ಸಂಗತಿಯನ್ನು 1991ರಲ್ಲಿ ಹೊರತಂದವರು ಸಂಶೋಧಕ ರಿಕ್ ಡಾಬ್ಲಿನ್. ಆ ಋಣ ದೊಡ್ಡದು. ಇಪ್ಪತ್ತರಲ್ಲಿ ಹದಿನಾರು ಮಂದಿಯನ್ನು ಕಾಲು ಶತಮಾನದ ಮೇಲೆ ಹುಡುಕಿ ಮಾತನಾಡಿಸುವುದು ಸಾಮಾನ್ಯ ಕೆಲಸವಲ್ಲ. ಆದರೆ ಈ ಮುಚ್ಚಿಟ್ಟದ್ದನ್ನು ಅವರು ವಿಧಾನದ ಲೋಪವೆಂದು ಎಣಿಸಿದರು. ಅವರ ನಂತರದವರು ಎರಡು ಪಂಗಡವಾದರು: ಒಬ್ಬರಿಗೆ ಇದು ವಂಚನೆ, ಇನ್ನೊಬ್ಬರಿಗೆ ಕ್ಷುಲ್ಲಕ. ಎರಡನ್ನೂ ನಾನು ಒಪ್ಪಲಾರೆ.

ಪ್ರಯೋಗಕ್ಕೆ ಮುಂಚಿನ ಸಿದ್ಧತೆಯ ಸಭೆಗಳಲ್ಲಿ ವಿದ್ಯಾರ್ಥಿಗಳಿಗೆ ಹೇಳಿಕೊಟ್ಟದ್ದು ಏನು? ಅನುಭವ ಭಯ ಹುಟ್ಟಿಸಿದರೂ ಔಷಧದೊಡನೆ ಸೆಣಸಬೇಡಿ ಎಂದು. ಅಂದರೆ ಭಯ ಬಂದೀತೆಂದು ಪಾಂಕಿಗೆ ತಿಳಿದಿತ್ತು. ಆದರೆ ತತ್ತ್ವಜ್ಞಾನಿ ಡಬ್ಲ್ಯೂ. ಟಿ. ಸ್ಟೇಸ್‌ರನ್ನು ಆಧರಿಸಿ ಪಾಂಕಿ ಆಧ್ಯಾತ್ಮಿಕ ಅನುಭೂತಿಗೆ ಕಟ್ಟಿಕೊಂಡ ಒಂಬತ್ತು ಲಕ್ಷಣಗಳಲ್ಲಿ ಆಳವಾದ ಸಂತಸಕ್ಕೆ ಜಾಗವಿದೆ, ಬಾಳಿನಲ್ಲಿ ಉಳಿಯುವ ಒಳ್ಳೆಯ ಬದಲಾವಣೆಗೆ ಜಾಗವಿದೆ, ಭಯಕ್ಕೆ ಇಲ್ಲ. (ಆರು ತಿಂಗಳ ನಂತರದ ಪ್ರಶ್ನಾವಳಿ ಕೆಟ್ಟ ಬದಲಾವಣೆಗಳನ್ನೂ ಕೇಳಿತ್ತು, ನಿಜ. ಅದು ಉಳಿದುಹೋದದ್ದನ್ನು ಅಳೆಯಿತು, ಆ ಹೊತ್ತಿನ ದಿಗಿಲನ್ನಲ್ಲ.) ಸಿದ್ಧತೆಯಲ್ಲಿದ್ದ ಭಯ ಫಲಿತಾಂಶದ ಕೋಷ್ಟಕಕ್ಕೆ ಬರುವಷ್ಟರಲ್ಲಿ ಉದುರಿಹೋಗಿದೆ. ಸೂಜಿಯನ್ನು ಬರೆದಿದ್ದರೆ, ಭಯದ ಜೊತೆ ಕೂರಬೇಕೆಂಬ ತಮ್ಮ ಉಪದೇಶವನ್ನು ತಾವೇ ಮುರಿದದ್ದನ್ನೂ ಬರೆಯಬೇಕಾಗುತ್ತಿತ್ತು. ಮುಚ್ಚಿಟ್ಟದ್ದು ಒಂದು ಅಡ್ಡಪರಿಣಾಮವನ್ನಷ್ಟೇ ಅಲ್ಲ, ಆಪ್ತಸಮಾಲೋಚನೆಯ ಮೂಲ ಪ್ರಶ್ನೆಯನ್ನೇ: ದಿಗಿಲುಗೊಂಡವನ ಕೈ ಹಿಡಿದು ಕೂರುವುದೋ, ದಿಗಿಲನ್ನು ಔಷಧದಿಂದ ಅಡಗಿಸುವುದೋ?

ಆ ದಿನ ಸೂಜಿ ತಪ್ಪೆಂದು ನಾನು ಹೇಳುತ್ತಿಲ್ಲ. ಬೀದಿಯಲ್ಲಿ ವಾಹನಗಳಿದ್ದವು, ಪಾಂಕಿ ವೈದ್ಯರೂ ಹೌದು. ಆದರೆ ಹತ್ತು ಮಾರ್ಗದರ್ಶಕರಲ್ಲಿ ಐವರು ತಾವೇ 15 ಮಿಲಿಗ್ರಾಂ ಸಿಲೋಸೈಬಿನ್ ಸೇವಿಸಿದ್ದರು. ಜೊತೆ ಕೂರಬೇಕಾದವರ ಕಾಲೇ ನೆಲದ ಮೇಲಿರಲಿಲ್ಲ.

   

ಪಾಂಕಿಯ ಉಳಿದ ವೃತ್ತಿಜೀವನವನ್ನು ಪ್ರಬಂಧದ ಆ ವಾಕ್ಯದ ಬೆಳಕಿನಲ್ಲೇ ಓದಬೇಕು. ಮೇರಿಲ್ಯಾಂಡಿನ ಸ್ಪ್ರಿಂಗ್ ಗ್ರೋವ್ ಆಸ್ಪತ್ರೆಯಲ್ಲಿ ಸಾವಿನ ಅಂಚಿನ ಕ್ಯಾನ್ಸರ್ ರೋಗಿಗಳಿಗೆ ಎಲ್‌ಎಸ್‌ಡಿ ಕೊಡುವ ಮೊದಲು ಹಲವು ಗಂಟೆಗಳ ಮಾತುಕತೆ ನಡೆಯುತ್ತಿತ್ತು. ಮನೆಯವರನ್ನೂ ಅದರಲ್ಲಿ ಸೇರಿಸಿಕೊಳ್ಳುತ್ತಿದ್ದರು. 1971ರಲ್ಲಿ ಸಮುದ್ರದಲ್ಲಿ ಮುಳುಗಿ ತೀರಿಕೊಳ್ಳುವವರೆಗೂ ಪಾಂಕಿ ಮಾಡಿದ್ದು ಈ ಕೆಲಸವನ್ನೇ. ಅಲ್ಲಿ ಔಷಧ ರೋಗಿಗೆ ಮಾತ್ರ. ಚಿಕಿತ್ಸಕ ಎಚ್ಚರದಲ್ಲಿ, ದಿನವಿಡೀ, ಹಾಸಿಗೆಯ ಪಕ್ಕದಲ್ಲಿ ಇರುತ್ತಿದ್ದ.