ಅತ್ತೆಯ ಹೆಗಲು ನೋವು



ನನ್ನ ಬಾಲ್ಯ ಕಳೆದದ್ದು ಕಲಬುರಗಿಯ ಐವಾನ್-ಎ-ಶಾಹಿ ಪ್ರದೇಶದಲ್ಲಿ. ನಿಜಾಮರ ಕಾಲದ ಅತಿಥಿಗೃಹದಿಂದ ಬಂದ ಹೆಸರದು. 1971ರ ಬೇಸಿಗೆಯಲ್ಲಿ ಕಮಲಾಪುರದಿಂದ ನನ್ನ ಸೋದರತ್ತೆ ನಮ್ಮ ಮನೆಗೆ ಬಂದಿದ್ದರು. ಒಂದು ಬೆಳಿಗ್ಗೆ ಕಿಬ್ಬೊಟ್ಟೆಯ ಒಂದು ಪಕ್ಕ ನೋಯುತ್ತಿದೆ ಎಂದರು. ಹಿರಿಯರು ವಾಯುವೆಂದು ತಿಳಿದು ಓಮದ ಕಷಾಯ ಕೊಟ್ಟರು. ಮಧ್ಯಾಹ್ನ ಹೆಗಲು ನೋವೆಂದಾಗ ಎಣ್ಣೆಯ ಬಟ್ಟಲು ತಂದುಕೊಟ್ಟವನು ನಾನೇ. ಸಂಜೆ ಮೈ ತಣ್ಣಗಾಗಿ ಮೂರ್ಛೆ ಹೋದರು. ಟಾಂಗಾ ಬರುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ದೃಷ್ಟಿ ತಗುಲಿತೆಂದು ಮನೆಯವರು ನಂಬಿದರು.

ಎಷ್ಟೋ ವರ್ಷಗಳ ಬಳಿಕ, ವೈದ್ಯನಾಗಿದ್ದ ಶಿಷ್ಯನೊಬ್ಬನಿಗೆ ಇದನ್ನು ಹೇಳಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ: "ಮುಟ್ಟು ತಪ್ಪಿತ್ತೇ, ಸರ್?" ತಪ್ಪಿತ್ತೆಂದು ನನ್ನ ತಾಯಿಗೆ ನೆನಪಿತ್ತು. ಗರ್ಭವು ಗರ್ಭಕೋಶದಲ್ಲಿ ನೆಲೆಸದೆ ಡಿಂಬನಾಳದಲ್ಲಿಯೇ ಬೆಳೆದು ನಾಳ ಒಡೆದಿರಬಹುದು ಎಂದನು. ಹೊಟ್ಟೆಯೊಳಗೆ ಸೋರಿದ ರಕ್ತ ವಪೆಯನ್ನು ಕೆರಳಿಸಿದಾಗ ನೋವು ಹೆಗಲಿನಲ್ಲಿ ಕಾಣಿಸಿಕೊಳ್ಳುತ್ತದಂತೆ. ನೂರು ಗರ್ಭಗಳಲ್ಲಿ ಒಂದೆರಡು ಹೀಗೆ ದಾರಿ ತಪ್ಪುತ್ತವೆ.

ಇದರ ಚಿಕಿತ್ಸೆಗೂ ಒಂದು ಚರಿತ್ರೆಯಿದೆ. 1881ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಶಸ್ತ್ರವೈದ್ಯ ಲಾಸನ್ ಟೇಟ್ ಅವರಿಗೆ ಇಂತಹ ರೋಗಿಯೊಬ್ಬರನ್ನು ತೋರಿಸಿದಾಗ, ಹೊಟ್ಟೆ ತೆರೆಯಲು ಅವರು ಒಪ್ಪಲಿಲ್ಲ, ಆಕೆ ತೀರಿಕೊಂಡರು. 1883ರಲ್ಲಿ ಅವರು ಶಸ್ತ್ರಕ್ರಿಯೆಗೆ ಕೈಹಾಕಿದರು. ಮೊದಲ ರೋಗಿ ಉಳಿಯಲಿಲ್ಲ. ಅದೇ ವರ್ಷದ ಮಾರ್ಚ್‌ನಲ್ಲಿ ಒಡೆದ ನಾಳವನ್ನು ಕಟ್ಟಿ ತೆಗೆದಾಗ ರೋಗಿ ಬದುಕಿದರು. ಆಗ ನಮ್ಮ ಕಲಬುರಗಿ ನಿಜಾಮರ ಆಳ್ವಿಕೆಯಲ್ಲಿತ್ತು. ಅದೇ ದಶಕದ ಕೊನೆಯಲ್ಲಿ, 1888 ಮತ್ತು 1889ರಲ್ಲಿ, ಅವರ ರಾಜಧಾನಿ ಹೈದರಾಬಾದಿನಲ್ಲಿ ಕ್ಲೋರೋಫಾರಂನ ಸುರಕ್ಷತೆಯನ್ನು ಪರೀಕ್ಷಿಸುವ ಆಯೋಗಗಳು ನಡೆದವು. ಅರಿವಳಿಕೆಯಿಲ್ಲದೆ ಇಂತಹ ಶಸ್ತ್ರಕ್ರಿಯೆ ಅಸಾಧ್ಯವಷ್ಟೆ.

ಆದರೂ ನಾಳ ಒಡೆಯುವ ಮೊದಲೇ ರೋಗವನ್ನು ಗುರುತಿಸುವುದು ಹೇಗೆ? 1958ರಲ್ಲಿ ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು ಅಲ್ಟ್ರಾಸೌಂಡ್ ಚಿತ್ರಗಳನ್ನು ಪ್ರಕಟಿಸಿದರು. 1972ರಲ್ಲಿ, ಎಂದರೆ ಅತ್ತೆ ತೀರಿದ ಮರುವರ್ಷ, ಗರ್ಭದ ಹಾರ್ಮೋನಾದ ಎಚ್‌ಸಿಜಿಯನ್ನು ರಕ್ತದಲ್ಲಿ ನಿಖರವಾಗಿ ಅಳೆಯುವ ವಿಧಾನ ಬಂದಿತು. ಹಾರ್ಮೋನು ಏರುವ ರೀತಿ ಮತ್ತು ಸ್ಕ್ಯಾನ್, ಇವೆರಡೂ ಸೇರಿ ಒಡೆಯದ ನಾಳದ ಗುಟ್ಟನ್ನು ಹೇಳತೊಡಗಿದವು. 1982ರಲ್ಲಿ ಜಪಾನಿನ ವೈದ್ಯರು ಮೆಥೊಟ್ರೆಕ್ಸೇಟ್ ಔಷಧದಿಂದ ಶಸ್ತ್ರಕ್ರಿಯೆಯಿಲ್ಲದೆ ಇದನ್ನು ಗುಣಪಡಿಸಿದ್ದನ್ನು ವರದಿ ಮಾಡಿದರು. ಆ ಔಷಧ ರೂಪುಗೊಂಡದ್ದು ಭೀಮವರಂನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡದಲ್ಲಿ.

ಕೆಲವು ವರ್ಷಗಳ ಹಿಂದೆ ನಮ್ಮ ಬಂಧುವರ್ಗದ ಹುಡುಗಿಯೊಬ್ಬಳಿಗೆ ಇದೇ ಆಯಿತು. ಆರನೆಯ ವಾರದಲ್ಲಿಯೇ ಸ್ಕ್ಯಾನ್ ಮಾಡಿಸಿದ್ದರಿಂದ ಚುಚ್ಚುಮದ್ದಿನಿಂದ, ಹಲವು ರಕ್ತಪರೀಕ್ಷೆಗಳಿಂದ ಪಾರಾದಳು. ನಾಳ ಒಡೆದಿದ್ದರೆ ಮದ್ದು ಸಾಲದು, ಶಸ್ತ್ರಕ್ರಿಯೆಯೇ ಗತಿ.

ಬಹಮನಿ ರಾಜ್ಯ 1347ರಲ್ಲಿ ಸ್ಥಾಪನೆಯಾಯಿತೆಂದು ನಿಮಗೆಲ್ಲ ಬಾಯಿಪಾಠ ಮಾಡಿಸಿದೆ. ಈ ಇಸವಿಗಳನ್ನು ಹೇಳಲಿಲ್ಲ. ತರಗತಿಯಲ್ಲಿ ಮುಟ್ಟಿನ ಮಾತೆತ್ತಲು ನನಗೆ ಸಂಕೋಚವಿತ್ತು. ಈಗ ಹೇಳುತ್ತಿದ್ದೇನೆ: ಮುಟ್ಟು ತಪ್ಪಿದ ಹೆಣ್ಣುಮಗಳಿಗೆ ಹೊಟ್ಟೆಯ ಒಂದು ಪಕ್ಕ ನೋವು, ರಕ್ತಸ್ರಾವ, ತಲೆಸುತ್ತು ಅಥವಾ ಹೆಗಲು ನೋವು ಕಾಣಿಸಿದರೆ ಕಷಾಯ ಕಾಯಿಸುತ್ತ ಕೂರಬೇಡಿ. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.