ನುಣುಪು ಬಟ್ಟೆಯ ಒಳಕಥೆ

ಸೀರೆ ಅಂಗಡಿಯಲ್ಲಿ ಗಂಟೆಗಟ್ಟಲೆ ಕೂತು ಎಳೆಯೆಳೆಯನ್ನೂ ವಿಚಾರಿಸುವ ನಾವು, ಒಳಉಡುಪು ಕೊಳ್ಳುವಾಗ ಮಾತ್ರ ಮೌನಗೌರಿಯರು. ಅಳತೆ ಹೇಳಿ, ಬಣ್ಣ ತೋರಿಸಿ, ಕಾಗದದಲ್ಲಿ ಸುತ್ತಿಸಿಕೊಂಡು ಹೊರಡುತ್ತೇವೆ. ದಿನವಿಡೀ ಮೈಗೆ ಅಂಟಿಕೊಂಡಿರುವ ಬಟ್ಟೆ ಯಾವ ನೂಲಿನದೆಂದು ಕೇಳುವುದಿಲ್ಲ. 'ಸ್ಯಾಟಿನ್ ಅಮ್ಮಾ, ಬೆಣ್ಣೆ ಹಾಗಿದೆ' ಎಂದರೆ ಮುಗಿಯಿತು.

ಆದರೆ ಸ್ಯಾಟಿನ್ ಎಂಬುದು ನೂಲಿನ ಹೆಸರೇ ಅಲ್ಲ, ನೇಯ್ಗೆಯ ಹೆಸರು. ಹಾಸಿನ ಎಳೆ ನಾಲ್ಕಾರು ಹೊಕ್ಕಿನ ಎಳೆಗಳ ಮೇಲೆ ಹಾದು, ಒಂದರ ಕೆಳಗೆ ಇಳಿಯುತ್ತದೆ. ಅದಕ್ಕೇ ಒಂದು ಮಗ್ಗುಲು ಹೊಳಪು, ಇನ್ನೊಂದು ಮಂಕು. ಚೀನಾದ ಕ್ವಾನ್‌ಝೌ ಬಂದರನ್ನು ಅರಬರು ಜೈತೂನ್ ಎನ್ನುತ್ತಿದ್ದರು. ಆ ಹೆಸರೇ ಸ್ಯಾಟಿನ್ ಆಯಿತೆನ್ನುತ್ತಾರೆ. ಅಂದಿನ ಸ್ಯಾಟಿನ್ ರೇಷ್ಮೆಯದು. ಇಂದು ಅಂಗಡಿಯಲ್ಲಿ ಅಗ್ಗವಾಗಿ ಸಿಗುವುದು ಬಹುಪಾಲು ಪಾಲಿಯೆಸ್ಟರ್.

ರೇಷ್ಮೆಯ ನುಣುಪು ಸಹಜವಾದದ್ದು. ಒಂದೇ ಗೂಡಿನಿಂದ ನೂರಾರು ಮೀಟರ್ ಉದ್ದದ ಅಖಂಡ ಎಳೆ ಬರುತ್ತದೆ. ಆದರೆ ಅದನ್ನು ಒಳಗೆ ತೊಡುವ ಭಾಗ್ಯ ಸಿರಿವಂತರದು. ಅದರ ನಕಲನ್ನು ಫ್ರಾನ್ಸಿನ ಶಾರ್ದೊನೆ 1889ರ ಪ್ಯಾರಿಸ್ ಪ್ರದರ್ಶನದಲ್ಲಿಟ್ಟ; ಅದು ಬೇಗ ಬೆಂಕಿ ಹಿಡಿಯುವಂಥದ್ದು! 1892ರಲ್ಲಿ ಇಂಗ್ಲೆಂಡಿನ ರಸಾಯನಜ್ಞರು ಮರದ ತಿರುಳಿನಿಂದ ವಿಸ್ಕೋಸ್ ತಯಾರಿಸುವ ದಾರಿ ಕಂಡುಕೊಂಡರು. 1924ರಲ್ಲಿ ಅಮೆರಿಕದಲ್ಲಿ ಇದಕ್ಕೆ ರೇಯಾನ್ ಎಂದು ಹೆಸರಾಯಿತು. ರಾಣಿಯ ನುಣುಪು ಟೈಪಿಸ್ಟ್ ಹುಡುಗಿಗೂ ದಕ್ಕಿತು. ಒಂದೇ ಕುಂದು, ನೆನೆದರೆ ಅದರ ಬಲ ಸುಮಾರು ಅರ್ಧಕ್ಕಿಳಿಯುತ್ತದೆ. ಕಲ್ಲಿಗೆ ಬಡಿದು ಒಗೆಯುವ ನಮಗೆ ಒಗ್ಗುವಂಥದ್ದಲ್ಲ.

ಆಮೇಲೆ ಬಂದದ್ದು ನೈಲಾನ್. ಡುಪಾಂಟ್ ಕಂಪನಿಯಲ್ಲಿ ವ್ಯಾಲೇಸ್ ಕರೋದರ್ಸ್ 1935ರಲ್ಲಿ ಅದನ್ನು ತಯಾರಿಸಿದ; ಮಾರುಕಟ್ಟೆ ಕಾಣುವ ಮೊದಲೇ, 1937ರಲ್ಲಿ ತೀರಿಕೊಂಡ. 1940ರ ಮೇ 15ರಂದು ಅಮೆರಿಕದಾದ್ಯಂತ ನೈಲಾನ್ ಕಾಲುಚೀಲ ಮಾರಾಟಕ್ಕೆ ಬಂತು, ಹೆಂಗಸರು ಮುಗಿಬಿದ್ದರು. ಅಷ್ಟರಲ್ಲಿ ಯುದ್ಧ. 1941ರಲ್ಲಿ ಜಪಾನಿನ ರೇಷ್ಮೆ ನಿಂತಿತು. ನೈಲಾನ್ ಪ್ಯಾರಾಚೂಟಿಗೂ ಹಗ್ಗಕ್ಕೂ ಹೋಯಿತು. ನಮ್ಮ ಮೈಸೂರು ಸೀಮೆಯ ರೇಷ್ಮೆಗೂ ಪ್ಯಾರಾಚೂಟಿನಿಂದಾಗಿ ಬೇಡಿಕೆ ಹೆಚ್ಚಿತು. ಹೆಂಗಸರ ಹಳೆಯ ಕಾಲುಚೀಲಗಳನ್ನೂ ಯುದ್ಧಕ್ಕೆಂದು ಸಂಗ್ರಹಿಸಿದರು. ಇಂಗ್ಲೆಂಡಿನ ಹೆಂಗಸರೇನು ಕಡಿಮೆಯೇ? ಉಳಿಕೆ ಪ್ಯಾರಾಚೂಟಿನ ತುಂಡುಗಳನ್ನು ಕೊಂಡು ಒಳಲಂಗ, ಚಡ್ಡಿ ಹೊಲಿದುಕೊಂಡರು. ಸೇನಾಪತಿಗಳ ಚರಿತ್ರೆಗಿಂತ ಈ ಹೊಲಿಗೆಯ ಚರಿತ್ರೆ ನನಗೆ ಹೆಚ್ಚು ಪ್ರಿಯ. ಯುದ್ಧ ಮುಗಿದ ಮೇಲೆ, 1946ರಲ್ಲಿ, ಪಿಟ್ಸ್‌ಬರ್ಗ್ ನಗರದಲ್ಲಿ 13,000 ಜೊತೆ ಕಾಲುಚೀಲಕ್ಕೆ ಸುಮಾರು 40,000 ಜನ ಸಾಲು ನಿಂತರಂತೆ!

ಆದರೆ ಆ ತಂಪು ದೇಶಗಳ ಬಟ್ಟೆ ನಮ್ಮ ಸೆಖೆಗೆ ಹೇಗೆ? ಸಾಧಾರಣ ಹವೆಯಲ್ಲಿ 100 ಗ್ರಾಂ ಒಣ ರೇಷ್ಮೆ 11 ಗ್ರಾಂನಷ್ಟು ತೇವ ಹೀರುತ್ತದೆ. ವಿಸ್ಕೋಸ್ ಸುಮಾರು 13, ಹತ್ತಿ 8ರ ಆಸುಪಾಸು. ನೈಲಾನ್ ಬರೀ 4. ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಇಲ್ಲ. ಮಾರ್ಚ್ ತಿಂಗಳಲ್ಲಿ ಪರೀಕ್ಷಾ ಕೊಠಡಿಯಲ್ಲಿ ಮೂರು ಗಂಟೆ ನಿಂತ ಮೇಡಂಗಳಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಸೀರೆಯೊಳಗಂತೂ ಸ್ಯಾಟಿನ್ ಲಂಗ ಉಟ್ಟರೆ ನೆರಿಗೆ ಜಾರುತ್ತದೆ, ಮೇಲಿಂದ ಪಿನ್ನಿನ ಕಾಟ.

ನನಗೆ ಚಿಂತೆ ಹೈಸ್ಕೂಲು ಹುಡುಗಿಯರದು. ಬೇಸಿಗೆಯಲ್ಲಿ ಬೆವರಿ ತುರಿಕೆಯಾದರೆ ಅಮ್ಮನಿಗೂ ಹೇಳದೆ ಬೆಂಚಿನ ಮೇಲೆ ಮಿಸುಕಾಡುತ್ತಾರೆ. ಪಾಲಕರ ಸಭೆ ಮುಗಿದ ಮೇಲೆ ತಾಯಂದಿರನ್ನು ಪಕ್ಕಕ್ಕೆ ಕರೆದು ಹೇಳುತ್ತೇನೆ: ಮಗಳಿಗೆ ಒಳಉಡುಪು ಕೊಳ್ಳುವಾಗ ಲೇಬಲ್ ತಿರುಗಿಸಿ ಓದಿ, ಹತ್ತಿಯದೇ ಕೊಡಿ ಎಂದು ಅಂಗಡಿಯವನನ್ನು ಗಟ್ಟಿಯಾಗಿ ಕೇಳಿ. ಕೆಲವರು ನಗುತ್ತಾರೆ. ಕೆಲವರು ಮೆಲ್ಲಗೆ, 'ನನಗೂ ಹಾಗೇ ಆಗುತ್ತೆ ಮೇಡಂ' ಎನ್ನುತ್ತಾರೆ.