ಮತ್ತೋಡಿನ ಬಳೆಗೆ ಎಷ್ಟು ಹೊನ್ನು, ಎಷ್ಟು ದಿನ?

ಮೇಜಿನ ಸುತ್ತ ನಾಲ್ಕೈದು ಜನ ಕೂತು, ಒಬ್ಬೊಬ್ಬರೂ ಒಂದೊಂದು ಪಾತ್ರ ವಹಿಸಿ, ದಾಳ ಉರುಳಿಸುತ್ತ ಕಥೆ ಕಟ್ಟುವ ಆಟಗಳಿವೆ. ಅವುಗಳಲ್ಲಿ ಮೊದಲು ಅಚ್ಚಾಗಿ ಮಾರಾಟಕ್ಕೆ ಬಂದದ್ದು ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್', 1974ರಲ್ಲಿ. ಇಂಥ ಆಟಗಳಲ್ಲಿ ಹಳೆಯದೊಂದು ತೊಡಕಿದೆ. ಪಾತ್ರವೊಂದು 'ನನಗೆ ಬೇಕಾದ ವಸ್ತುವನ್ನು ನಾನೇ ಮಾಡಿಕೊಳ್ಳುತ್ತೇನೆ' ಎಂದರೆ ಆಟ ನಡೆಸುವವರು ಏನು ಹೇಳಬೇಕು? ಆಟದ ಪುಸ್ತಕಗಳು ಇದಕ್ಕೆ ಕೊಟ್ಟ ಉತ್ತರಗಳನ್ನು ಓದುವಾಗ ನನಗೆ ನೆನಪಾಗುವುದು ಚಿತ್ರದುರ್ಗ ಸೀಮೆಯ ಎರಡು ಜಾಗಗಳು: ಚಂದ್ರವಳ್ಳಿ ಮತ್ತು ಹೊಸದುರ್ಗ ತಾಲ್ಲೂಕಿನ ಮತ್ತೋಡು.

1974ರ ಪುಸ್ತಕದ ಲೆಕ್ಕ ಸರಳ. ಗಾಯ ಮಾಯಿಸುವ ಮದ್ದಿಗೆ 250 ಹೊನ್ನು, ಒಂದು ವಾರ. 2000ದ ಮೂರನೆಯ ಆವೃತ್ತಿಯಲ್ಲಿ ಮಾಂತ್ರಿಕ ವಸ್ತು ಮಾಡಲು ಅದರ ಬೆಲೆಯ ಅರ್ಧ ಹಣ, ಪ್ರತಿ ಸಾವಿರ ಹೊನ್ನಿನ ಬೆಲೆಗೆ ಒಂದು ದಿನ. ಜೊತೆಗೆ ಬೆಲೆಯ 25ರಲ್ಲಿ ಒಂದು ಪಾಲಿನಷ್ಟು ಅನುಭವದ ಅಂಕಗಳನ್ನು ಮಾಡಿದವನೇ ಕಳೆದುಕೊಳ್ಳಬೇಕಿತ್ತು. 2014ರ ಐದನೆಯ ಆವೃತ್ತಿಯಲ್ಲಿ ಸಾಮಾನ್ಯ ವಸ್ತುವಿನ ಕೆಲಸ ದಿನಕ್ಕೆ ಐದು ಹೊನ್ನಿನಷ್ಟು ಮುಂದೆ ಸಾಗುತ್ತದೆ. ಮೂರರಲ್ಲೂ ಮೊದಲ ಪ್ರಶ್ನೆ ಹಣದ್ದು, ಎರಡನೆಯದು ದಿನದ್ದು.

ಹಣದ ಅಳತೆಯೇನೂ ಸುಳ್ಳಲ್ಲ. ಚಂದ್ರವಳ್ಳಿಯಲ್ಲಿ 1929ರ ಸುಮಾರಿಗೆ ಎಂ.ಎಚ್. ಕೃಷ್ಣ ಅವರೂ, 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಅಗೆದಾಗ ಶಾತವಾಹನರ ಸೀಸದ ನಾಣ್ಯಗಳು, ರೋಮಿನ ಬೆಳ್ಳಿ ನಾಣ್ಯಗಳು, ಮಡಕೆ ಚೂರುಗಳು, ಮಣಿಗಳು ಸಿಕ್ಕವು. ಎರಡು ಸಾವಿರ ವರ್ಷಗಳ ಹಿಂದೆಯೇ ಇಲ್ಲಿ ಕೊಳ್ಳುವ, ಮಾರುವ ಬದುಕಿತ್ತು. ಆದರೆ ನಾಣ್ಯ ಹೇಳುವುದು ವಸ್ತು ಕೈ ಬದಲಾಯಿಸಿದ್ದನ್ನು. ಅದು ಹೇಗೆ ಆಯಿತೆಂಬುದಕ್ಕೆ ಬೇರೆ ಸಾಕ್ಷಿ ಬೇಕು.

ಅಂಥ ಸಾಕ್ಷಿ ಮತ್ತೋಡಿನಲ್ಲಿದೆ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನನ್ನು ಮೈಸೂರು ಸೀಮೆಯ ಸಮೀಕ್ಷೆಗೆ ಕಳುಹಿಸಿತು. 1807ರಲ್ಲಿ ಅಚ್ಚಾದ ಅವನ ಪ್ರವಾಸ ಕಥನದಲ್ಲಿ ಮತ್ತೋಡಿನ ಗಾಜಿನ ಬಳೆಯ ವಿವರವಿದೆ: ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಎಂದು ಐದು ಬಣ್ಣ. ಬಳೆ ಮಾಡುವವರೇ ಗಾಜನ್ನೂ ಮಾಡುತ್ತಿದ್ದರು. ಮುಖ್ಯ ಸಾಮಗ್ರಿ ಎರಡೇ: ಬಿಳಿ ಬೆಣಚುಕಲ್ಲಿನ ಪುಡಿ ಮತ್ತು ಸವಳು ಮಣ್ಣಿನ ಕ್ಷಾರ. ಬೆಣಚುಕಲ್ಲು ತಾನಾಗಿ ಕರಗಲು ಸುಮಾರು 1,700 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಸೌದೆಯ ಭಟ್ಟಿಗೆ ಅದು ಎಟುಕದು. ಕ್ಷಾರ ಸೇರಿದರೆ ಕಲ್ಲು ಎಷ್ಟೋ ಕಡಿಮೆ ಶಾಖಕ್ಕೆ ಕರಗುತ್ತದೆ. ಬೆಳೆಗೆ ಶತ್ರುವಾದ ಸವಳೇ ಬಳೆಗಾರನಿಗೆ ಬಂಡವಾಳ.

ಈಗ ಆಟದ ಲೆಕ್ಕವನ್ನು ಇದಕ್ಕೆ ಹಚ್ಚಿ ನೋಡಿ. ಸವಳು ನೆಲದ ಮೇಲೆ ಬೆಳ್ಳಗೆ ಹೊಮ್ಮುವುದು ಒಣ ದಿನಗಳಲ್ಲಿ. ಮಳೆ ಬಿದ್ದರೆ ಕರಗಿ ಇಳಿಯುತ್ತದೆ. ಎಷ್ಟು ಹೊನ್ನು ಸುರಿದರೂ ಆ ಕಾಲಕ್ಕೆ ಕಾಯಲೇಬೇಕು. ಭಟ್ಟಿ ಒಬ್ಬನ ಕೈಲಾಗುವ ಕೆಲಸವಲ್ಲ. ಸೌದೆ ತರುವವರು, ಕಲ್ಲು ಕುಟ್ಟುವವರು, ಬೆಂಕಿ ಕಾಯುವವರು ಬೇಕು. ಗಾಜು ತಣಿಯುವ ಮುನ್ನ ಬಳೆ ಆಗಿರಬೇಕು, ಹಾಗಾಗಿ ಕೈ ಮೊದಲೇ ಪಳಗಿರಬೇಕು. ಮಾಡಿದಷ್ಟೂ ಆ ಕೈಗೆ ಅನುಭವ ಕೂಡುತ್ತದೆ. ಮೂರನೆಯ ಆವೃತ್ತಿ ಹೇಳಿದಂತೆ ಕಳೆಯುವುದಿಲ್ಲ.

ಆಟಗಾರರೆಲ್ಲ ಸುಮ್ಮನೆ ಕೂತು ಒಬ್ಬನ ಭಟ್ಟಿಯನ್ನೇ ಕಾಯಲಾಗದು, ನಿಜ. ಅದಕ್ಕೇ ಪುಸ್ತಕಗಳು ಲೆಕ್ಕವನ್ನು ಮೊಟಕು ಮಾಡಿದವು. ಆದರೆ 'ಎಷ್ಟು ಹೊನ್ನು?' ಎನ್ನುವ ಮೊದಲು ಆಟ ನಡೆಸುವವರು ಮೂರು ಪ್ರಶ್ನೆ ಕೇಳಬಹುದು: ಸಾಮಗ್ರಿ ಯಾವ ನೆಲದ್ದು, ಭಟ್ಟಿ ಯಾರದು, ಕೆಲಸ ಕಲಿಸಿದವರು ಯಾರು? ಒಂದೊಂದು ಉತ್ತರವೂ ಒಂದು ಪಯಣವಾಗುತ್ತದೆ, ಒಂದು ಋಣವಾಗುತ್ತದೆ. ಕಥೆ ಅಲ್ಲಿಯೇ ಸಿಗುತ್ತದೆ.

ಇಂದು ದೇಶದ ಗಾಜಿನ ಬಳೆಗಳಲ್ಲಿ ಬಹುಪಾಲು ಬರುವುದು ಉತ್ತರ ಪ್ರದೇಶದ ಫಿರೋಜಾಬಾದಿನಿಂದ. ಬುಕನನ್ ಬರೆದುಕೊಂಡ ಸಾಮಗ್ರಿಯ ಪಟ್ಟಿ ಇನ್ನೂರು ವರ್ಷ ದಾಟಿ ನಮ್ಮ ಕೈಗೆ ಬಂದಿದೆ. ಅದನ್ನು ಓದಿ ಬಳೆ ಮಾಡಲು ಹೊರಟರೆ, ಮೊದಲು ಬೇಕಾಗುವುದು ಬಳೆ ಮಾಡಿ ಗೊತ್ತಿರುವ ಒಬ್ಬರು.